ಮುಂಗಾರು ಮಳೆ ಯಾಕೆ ಬರುತ್ತೆ? ಶಾಲೆಯಲ್ಲಿ ಕಲಿತ ಉತ್ತರ ಪೂರ್ತಿ ಸರಿಯಲ್ಲ!

ಇವತ್ತು ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡೋಣ. ಮುಂಗಾರು ಮಳೆ ಯಾಕೆ ಬರುತ್ತೆ?

ನಾನು ಓದಿದ್ದು ಕಾಮರ್ಸ್. ಆದ್ರೂ ಹೈಸ್ಕೂಲಿನ ಉತ್ತರ ಇನ್ನೂ ಬಾಯಿಪಾಠ. ಬೇಸಿಗೆಯಲ್ಲಿ ನೆಲ ಬೇಗ ಕಾಯುತ್ತೆ, ಸಮುದ್ರ ನಿಧಾನ. ನೆಲದ ಮೇಲಿನ ಬಿಸಿಗಾಳಿ ಮೇಲೇರುತ್ತೆ, ಆ ಜಾಗಕ್ಕೆ ಕಡಲಿನ ತೇವದ ಗಾಳಿ ನುಗ್ಗುತ್ತೆ, ಮಳೆ ಸುರಿಯುತ್ತೆ. 1686ರಲ್ಲಿ ಎಡ್ಮಂಡ್ ಹ್ಯಾಲಿ, ಅದೇ ಧೂಮಕೇತುವಿನ ಹ್ಯಾಲಿ, ಕೊಟ್ಟ ವಿವರಣೆ ಇದು.

ಈ ಉತ್ತರ ಸಾಲದು ಅಂತ ಗಟ್ಟಿಯಾಗಿ ಹೇಳಿದವರು ನಮ್ಮ ಬೆಂಗಳೂರಿನಲ್ಲೇ ಇದ್ದರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1982ರಲ್ಲಿ ಹವಾಮಾನದ ಅಧ್ಯಯನಕ್ಕೆ ಒಂದು ಕೇಂದ್ರ ಶುರುವಾಯಿತು. ಅಲ್ಲಿ ಸೇರಿದವರನ್ನು ನೋಡಿ: ರೊದ್ದಂ ನರಸಿಂಹ ವಿಮಾನ ವಿಜ್ಞಾನದವರು, ಜೆ. ಶ್ರೀನಿವಾಸನ್ ಮೆಕ್ಯಾನಿಕಲ್ ಎಂಜಿನಿಯರಿಂಗ್‌ನವರು, ಸುಲೋಚನಾ ಗಾಡ್ಗೀಳ್ ಗಣಿತದವರು.

ಗಾಡ್ಗೀಳ್ ಅವರ ವಾದ ನಮ್ಮ ನಿಮ್ಮ ಅನುಭವಕ್ಕೆ ಹತ್ತಿರದ್ದು. ನೆಲ ಹೆಚ್ಚು ಕಾಯೋದು ಮೇ ತಿಂಗಳಲ್ಲಿ. ಆದ್ರೆ ಜೋರು ಮಳೆ ಜುಲೈನಲ್ಲಿ, ಅಷ್ಟೊತ್ತಿಗೆ ನೆಲ ತಣ್ಣಗಾಗಿರುತ್ತೆ. ಇನ್ನು ಬರಗಾಲದ ವರ್ಷ ನೆಲ ಮಾಮೂಲಿಗಿಂತ ಹೆಚ್ಚು ಬಿಸಿ. ಬರೀ ಬಿಸಿಯೇ ಮಳೆ ತರೋದಾಗಿದ್ರೆ ಬರಗಾಲದಲ್ಲೇ ಹೆಚ್ಚು ಮಳೆ ಆಗಬೇಕಿತ್ತು, ಅಲ್ವಾ?

ಹಾಗಾದ್ರೆ ಮಳೆ ತರೋದು ಯಾವುದು? ಪುಣೆಯ ಹವಾಮಾನ ವಿಜ್ಞಾನಿ ಡಿ. ಆರ್. ಸಿಕ್ಕಾ ಮತ್ತು ಗಾಡ್ಗೀಳ್ ಉಪಗ್ರಹದ ದಿನದಿನದ ಚಿತ್ರಗಳನ್ನು ಜೋಡಿಸಿ ನೋಡಿದರು. 1980ರಲ್ಲಿ ಅವರ ಪ್ರಬಂಧ ಬಂತು. ಭೂಮಧ್ಯರೇಖೆಯ ಆಸುಪಾಸಿನಲ್ಲಿ ಉದ್ದಕ್ಕೂ ಒಂದು ಮೋಡದ ಪಟ್ಟಿ ಇರುತ್ತೆ. ಎರಡೂ ಕಡೆಯ ಗಾಳಿ ಬಂದು ಸೇರುವ ಜಾಗ ಅದು. ನಮ್ಮ ಬೇಸಿಗೆಯಲ್ಲಿ ಸೂರ್ಯನ ಹಿಂದೆಯೇ ಆ ಪಟ್ಟಿ ಉತ್ತರಕ್ಕೆ ಸರಿದು ನಮ್ಮ ನೆಲದ ಮೇಲೆ ಬರುತ್ತೆ. ಅದೇ ಮುಂಗಾರು. ನೆಲ ಕಾಯೋದಕ್ಕೆ ಪಾತ್ರವೇ ಇಲ್ಲ ಅಂತಲ್ಲ, ಪಟ್ಟಿ ಇಲ್ಲಿಯವರೆಗೂ ಬರೋಕೆ ಅದು ಬೇಕು. ಆದ್ರೆ ಬಂದ ಪಟ್ಟಿ ಇಲ್ಲೇ ತಳ ಊರಲ್ಲ. ಮಧ್ಯೆ ಬಲ ಕಳೆದುಕೊಳ್ಳುತ್ತೆ. ಕೆಲವು ವಾರಗಳಿಗೊಮ್ಮೆ ಸಮುದ್ರದ ಕಡೆಯಿಂದ ಹೊಸ ಪಟ್ಟಿ ಮೇಲೆ ಬಂದಾಗ ಮಳೆ ಮತ್ತೆ ಹಿಡಿಯುತ್ತೆ. ನಡುವಿನ ಆ ಬಿಡುವನ್ನೇ ನಮ್ಮ ರೈತರು ‘ಮಳೆ ಕೈಕೊಟ್ಟಿತು’ ಅನ್ನೋದು.

ಆ ಸಮುದ್ರದಲ್ಲಿ ಏನಾಗುತ್ತೆ ಅಂತ ನೋಡೋಕೆ 1999ರ ಮುಂಗಾರಿನಲ್ಲಿ ಈ ಕೇಂದ್ರದವರು ಬೇರೆ ಸಂಸ್ಥೆಗಳ ಜೊತೆ ಸೇರಿ ಬಂಗಾಳ ಕೊಲ್ಲಿಗೆ ಹಡಗಿನಲ್ಲೇ ಹೋದರು. ಆ ಪ್ರಯೋಗದ ಹೆಸರು ಬಾಬ್‌ಮೆಕ್ಸ್.

ಇದೆಲ್ಲ ವಿಜ್ಞಾನಿಗಳ ಚರ್ಚೆ, ನಮಗೇನು ಅಂತೀರಾ? ತುಮಕೂರು ಜಿಲ್ಲೆಯ ಪಾವಗಡಕ್ಕೆ ಬನ್ನಿ. ಮಳೆ ನಂಬಿ ಕಡಲೆಕಾಯಿ ಬಿತ್ತುವ ಸೀಮೆ. ಬಿತ್ತನೆ ಬೀಜಕ್ಕೆ ದುಡ್ಡು ಹೊಂಚಿದ ರೈತನ ಮುಂದಿರೋದು ಒಂದೇ ಪ್ರಶ್ನೆ: ಈ ಹದಕ್ಕೇ ಬಿತ್ತಬೇಕಾ, ಇನ್ನೊಂದು ಮಳೆಗೆ ಕಾಯಬೇಕಾ? ಮಣ್ಣೊಳಗೆ ಕಾಯಿ ಬಲಿಯುವ ಹೊತ್ತಿಗೆ ಸರಿಯಾಗಿ ಮಳೆ ಬಿಡುವು ಕೊಟ್ರೆ ಗಿಡ ಹಸಿರಾಗಿದ್ರೂ ಕಾಯಿ ಜೊಳ್ಳು. ಗಾಡ್ಗೀಳ್ ಮತ್ತು ಸಂಗಡಿಗರು ಈ ಭಾಗದ ರೈತರ ಜೊತೆ ಕೂತು ಅವರ ಪ್ರಶ್ನೆಯನ್ನೇ ಸಂಶೋಧನೆಯ ಪ್ರಶ್ನೆ ಮಾಡಿಕೊಂಡರು. ಹಳೇ ಮಳೆ ಲೆಕ್ಕವನ್ನು ಬೆಳೆಯ ಕಂಪ್ಯೂಟರ್ ಮಾದರಿಗೆ ಕೊಟ್ಟು, ಯಾವಾಗ ಬಿತ್ತಿದ್ರೆ ನಷ್ಟದ ಅಪಾಯ ಕಡಿಮೆ ಅಂತ ಲೆಕ್ಕ ಹಾಕಿದರು.

ಕಾಮರ್ಸ್‌ನವನಾದ ನನಗೆ ಹಿಡಿಸಿದ್ದು ಇನ್ನೊಂದು ಲೆಕ್ಕ. 2006ರಲ್ಲಿ ಸುಲೋಚನಾ ಗಾಡ್ಗೀಳ್ ಮತ್ತು ಅವರ ಮಗ ಸಿದ್ಧಾರ್ಥ ಬರೆದ ಪ್ರಬಂಧದ ಪ್ರಕಾರ, ತೀವ್ರ ಬರ ಬಂದ್ರೆ ದೇಶದ ಜಿಡಿಪಿಗೆ ಶೇಕಡಾ 2ರಿಂದ 5ರಷ್ಟು ಪೆಟ್ಟು. ಒಳ್ಳೆ ಮಳೆಯಾದ ವರ್ಷ ಅಷ್ಟೇ ಲಾಭ ಆಗುತ್ತಾ? ಇಲ್ಲ. ಬರ ಕಿತ್ತುಕೊಂಡಷ್ಟನ್ನು ಒಳ್ಳೆ ಮಳೆ ವಾಪಸ್ ಕೊಡಲ್ಲ.

ಗಾಡ್ಗೀಳ್ 2025ರ ಜುಲೈನಲ್ಲಿ, ಮಳೆಗಾಲದಲ್ಲೇ, ತೀರಿಕೊಂಡರು. ಮುಂದಿನ ಸಲ ಮೊಬೈಲಿನಲ್ಲಿ ‘ಈ ವರ್ಷ ವಾಡಿಕೆ ಮಳೆ’ ಅನ್ನೋ ಸುದ್ದಿ ಬಂದಾಗ, ಎಷ್ಟು ಅಂತ ನೋಡಿ ಸುಮ್ಮನಾಗಬೇಡಿ. ಯಾವ ವಾರ ಬಂತು, ಎಷ್ಟು ದಿನ ಬಿಡುವು ಕೊಡ್ತು ಅಂತಲೂ ನೋಡಿ. ಊರಲ್ಲಿ ಹೊಲ ಇದ್ರೆ ಅಪ್ಪನಿಗೋ ಅಜ್ಜನಿಗೋ ಒಂದು ಫೋನ್ ಮಾಡಿ ಕೇಳಿ. ಅವರು ಹೇಳಿದ್ದನ್ನ ನನಗೂ ವಾಯ್ಸ್ ನೋಟ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.