ಜಿಪಿ ತರಬೇತಿಯ ನಡುವಿನ ಐಚ್ಛಿಕ ನಿಯೋಜನೆ: ತಪ್ಪು ಕಲ್ಪನೆ ಮತ್ತು ಸತ್ಯ

ಬ್ರಿಟನ್ನಿನಲ್ಲಿ ಜನರಲ್ ಪ್ರಾಕ್ಟೀಷನರ್, ಅಂದರೆ ಕುಟುಂಬ ವೈದ್ಯರಾಗಲು ಸಾಮಾನ್ಯವಾಗಿ 3 ವರ್ಷಗಳ ತರಬೇತಿ ಪಡೆಯಬೇಕಾಗುತ್ತದೆ. ಅದರ ನಡುವೆ ಕೆಲವು ತಿಂಗಳು ಬೇರೆ ದೇಶದ ಆಸ್ಪತ್ರೆಯಲ್ಲಿ ದುಡಿದು ಬರುವುದು ವಿದ್ಯಾರ್ಥಿ ದೆಸೆಯ ಐಚ್ಛಿಕ ನಿಯೋಜನೆಯಾದ ಎಲೆಕ್ಟಿವ್‌ನಷ್ಟೇ ಸುಲಭವೆಂಬ ನಂಬಿಕೆ ಬಲವಾಗಿದೆ. ವಾಸ್ತವದಲ್ಲಿ ವಿದ್ಯಾರ್ಥಿಯ ಎಲೆಕ್ಟಿವ್ ಪಠ್ಯಕ್ರಮದ ಅಂಗವಾಗಿದ್ದರೆ, ತರಬೇತಿನಿರತ ವೈದ್ಯರು ‘ಔಟ್ ಆಫ್ ಪ್ರೋಗ್ರಾಂ’ ಎಂಬ ವ್ಯವಸ್ಥೆಯಡಿ ಸ್ನಾತಕೋತ್ತರ ಡೀನ್ ಅವರ ಅನುಮತಿಯನ್ನು ತಿಂಗಳುಗಳ ಮೊದಲೇ ಪಡೆಯಬೇಕು, ಅದು ಹಕ್ಕಲ್ಲ.

ಹೊರಗೆ ಕಳೆದ ಕಾಲವೆಲ್ಲ ತರಬೇತಿಯ ಲೆಕ್ಕಕ್ಕೆ ಸೇರುತ್ತದೆಂಬುದೂ ಸರಿಯಲ್ಲ. ಸಾಮಾನ್ಯವಾಗಿ, ಬ್ರಿಟನ್ನಿನ ವೈದ್ಯಕೀಯ ನಿಯಂತ್ರಣ ಸಂಸ್ಥೆಯಾದ ಜನರಲ್ ಮೆಡಿಕಲ್ ಕೌನ್ಸಿಲ್ ಮುಂಚಿತವಾಗಿ ಮಾನ್ಯ ಮಾಡಿದ ‘ತರಬೇತಿ’ ವರ್ಗದ ಅವಧಿ ಮಾತ್ರ ಲೆಕ್ಕಕ್ಕೆ ಬರುತ್ತದೆಯೇ ಹೊರತು, ಕೇವಲ ‘ಅನುಭವ’ದ ವರ್ಗದಲ್ಲಿ ಹೋದವರಿಗೆ ತರಬೇತಿ ಪೂರ್ಣಗೊಳ್ಳುವ ದಿನವೇ ಮುಂದಕ್ಕೆ ಹೋಗುತ್ತದೆ. ಆದ್ದರಿಂದ ಎಲ್ಲಿಗೆ ಹೋಗಬೇಕೆಂಬುದಕ್ಕಿಂತ ಮೊದಲು, ಹೋದ ಕಾಲ ಯಾವ ವರ್ಗಕ್ಕೆ ಸೇರುತ್ತದೆಂಬುದು ತೀರ್ಮಾನವಾಗಬೇಕು.

ಕರ್ನಾಟಕದಿಂದ ಹೋಗಿ ಸ್ಕಿಲ್ಡ್ ವರ್ಕರ್ ವೀಸಾದಲ್ಲಿರುವವರಿಗೆ ಈ ಪ್ರಶ್ನೆ ಇನ್ನಷ್ಟು ಗಂಭೀರ. ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಕ್ಯಾಲೆಂಡರ್ ವರ್ಷವೊಂದರಲ್ಲಿ ವೇತನರಹಿತ ಗೈರು 4 ವಾರ ಮೀರಿದಾಗ ವೀಸಾದ ಪ್ರಾಯೋಜಕತ್ವವೇ ಕಳೆದುಹೋಗಬಹುದು. ಇಂಗ್ಲೆಂಡಿನಲ್ಲಿ 2019ರ ಏಪ್ರಿಲ್‌ನಿಂದ ಜಾರಿಯಲ್ಲಿರುವ, ಚಿಕಿತ್ಸಾ ಲೋಪದ ಪರಿಹಾರ ಭರಿಸುವ ಸರ್ಕಾರಿ ಯೋಜನೆಯೂ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸೇವೆಯ (ಎನ್‌ಎಚ್‌ಎಸ್) ಕೆಲಸಕ್ಕಷ್ಟೇ ಅನ್ವಯಿಸುವುದರಿಂದ, ಪರದೇಶದ ಕೆಲಸಕ್ಕೆ ಪ್ರತ್ಯೇಕ ರಕ್ಷಣೆ ಬೇಕು. ಆ ದೇಶದ ವೈದ್ಯಕೀಯ ನೋಂದಣಿಯೂ ಬೇಕು.

ವೈದ್ಯರ ಕೊರತೆಯಿರುವಲ್ಲಿ ಅರೆತರಬೇತಿಯ ಕೈಯೂ ಉಪಕಾರವೇ ಎಂಬುದು ಇವೆಲ್ಲಕ್ಕಿಂತ ಅಪಾಯಕಾರಿ ನಂಬಿಕೆ. ತನ್ನ ಸಾಮರ್ಥ್ಯದ ಮಿತಿಯೊಳಗೇ ಕೆಲಸ ಮಾಡಬೇಕೆಂಬ ವೃತ್ತಿಧರ್ಮ ವಿಮಾನ ಹತ್ತಿದೊಡನೆ ಸಡಿಲವಾಗುವುದಿಲ್ಲ. ಬ್ರಿಟನ್ನಿನಲ್ಲಿ ಒಬ್ಬರೇ ಮಾಡದ ಶಸ್ತ್ರಕ್ರಿಯೆಯನ್ನು ಬೇರೆಡೆಯ ಬಡ ರೋಗಿಯ ಮೇಲೆ ಮಾಡುವುದನ್ನು ಯಾವ ಕೊರತೆಯೂ ಸಮರ್ಥಿಸದು. ಔಷಧ ಬರೆಯುವಂಥ ಸಣ್ಣ ಕೆಲಸದಲ್ಲೂ ಹಾನಿ ಅಡಗಿರುತ್ತದೆ: ಮಧುಮೇಹಿಯೊಬ್ಬರಿಗೆ ಅತಿಥಿ ವೈದ್ಯರು ತಮಗೆ ರೂಢಿಯಿರುವ ಪೆನ್ ಇನ್ಸುಲಿನ್ ಆರಂಭಿಸಿದರೆ, ಆ ಆರೋಗ್ಯ ಕೇಂದ್ರದ ಔಷಧ ಉಗ್ರಾಣದಲ್ಲಿ ಬಾಟಲಿ ಮತ್ತು ಸಿರಿಂಜು ಮಾತ್ರ ಸಿಗುವಾಗ, ವೈದ್ಯರು ಮರಳಿದ ಮೇಲೆ ರೋಗಿ ಹೊಸ ಅಳತೆಯನ್ನು ಮೊದಲಿನಿಂದ ಕಲಿಯಬೇಕಾಗುತ್ತದೆ, ಇಲ್ಲವೇ ಚಿಕಿತ್ಸೆಯನ್ನೇ ಬಿಡುತ್ತಾರೆ. ಹೊರಡುವ ಮೊದಲೇ ಆತಿಥೇಯ ಸಂಸ್ಥೆಯಿಂದ ಔಷಧಪಟ್ಟಿಯನ್ನು ತರಿಸಿಕೊಂಡು, ಮೇಲ್ವಿಚಾರಣೆ ಮಾಡುವ ವೈದ್ಯರು ಯಾರು, ರಾತ್ರಿ ಪಾಳಿಯಲ್ಲಿ ಅವರು ಸಿಗುತ್ತಾರೆಯೇ ಎಂಬುದನ್ನು ಬರವಣಿಗೆಯಲ್ಲಿ ಕೇಳಿಕೊಳ್ಳುವುದು ಯೋಜನೆಯ ಮುಖ್ಯ ಭಾಗ. ಇದಕ್ಕೆ ಸ್ಪಷ್ಟ ಉತ್ತರ ಬಾರದ ಕಡೆ ಹೋಗದಿರುವುದೇ ಮೇಲು.