ಆಜ್ಞಾವಾಕ್ಯವೂ ವಿಭಕ್ತಿಯೂ: ‘ಯುಬಿಕ್ವಿಟಿ’ ಪ್ರಯೋಗದ ವಿಚಾರ

ಯಂತ್ರವನ್ನು ಬಳಸುವವನು ಯಂತ್ರದ ರೀತಿಯನ್ನು ಕಲಿಯಬೇಕೋ, ಯಂತ್ರವೇ ಅವನ ನುಡಿಯ ರೀತಿಯನ್ನು ಅನುಸರಿಸಬೇಕೋ ಎಂಬುದು ಗಣಕಶಾಸ್ತ್ರದಲ್ಲಿ ಬಹುಕಾಲದಿಂದ ಚರ್ಚಿತವಾದ ವಿಷಯವು. 1979ರಲ್ಲಿ ಆಪಲ್ ಸಂಸ್ಥೆಯಲ್ಲಿ ಮ್ಯಾಕಿಂಟಾಷ್ ಯೋಜನೆಯನ್ನು ಆರಂಭಿಸಿದ ಜೆಫ್ ರಾಸ್ಕಿನ್ ಅವರು ಎರಡನೆಯ ಪಕ್ಷದವರು. 2000ದಲ್ಲಿ ಪ್ರಕಟವಾದ ‘ದಿ ಹ್ಯೂಮೇನ್ ಇಂಟರ್‌ಫೇಸ್’ ಗ್ರಂಥದಲ್ಲಿ ಅದನ್ನು ಪ್ರತಿಪಾದಿಸಿದರು. ಅವರ ಮಗ ಏಜಾ ರಾಸ್ಕಿನ್ ಮೊದಲಾದವರು ಮೊಜಿಲ್ಲಾ ಲ್ಯಾಬ್ಸ್ ಎಂಬ ಪ್ರಯೋಗಶಾಖೆಯಿಂದ 2008ರ ಆಗಸ್ಟಿನಲ್ಲಿ ಹೊರತಂದ ‘ಯುಬಿಕ್ವಿಟಿ’ಯು ಈ ಮತವನ್ನು ಫೈರ್‌ಫಾಕ್ಸ್ ಬ್ರೌಸರಿನಲ್ಲಿ ಪರೀಕ್ಷಿಸಿದ ಉಪಕರಣವಾಗಿದೆ.

ಇದರ ಕ್ರಮವು ಸರಳವಾದುದು. ಓದುಗನು ಜಾಲಪುಟದಲ್ಲಿ ಒಂದು ವಾಕ್ಯವನ್ನು ಆರಿಸಿ, ನಿಯತವಾದ ಕೀಲಿಗಳನ್ನೊತ್ತಿ, ‘ಇದನ್ನು ಜಪಾನಿಗೆ ಭಾಷಾಂತರಿಸು’ ಎಂಬರ್ಥದ ಆಜ್ಞೆಯನ್ನು ಇಂಗ್ಲಿಷಿನಲ್ಲಿ ಬರೆದರೆ ಸಾಕು. ‘ಇದು’ ಎಂಬ ಸರ್ವನಾಮವು ಆರಿಸಿದ ವಾಕ್ಯವನ್ನೇ ಸೂಚಿಸುವುದು. ಬೇಕಾದ ಆಜ್ಞೆಯಿಲ್ಲದಿದ್ದರೆ, ಜಾವಾಸ್ಕ್ರಿಪ್ಟ್ ಬಲ್ಲ ಬಳಕೆದಾರನು ತಾನೇ ಅದನ್ನು ರಚಿಸಿ ಇತರರಿಗೂ ಕೊಡಬಹುದಾಗಿತ್ತು. ಹೀಗೆ ಉಪಕರಣದ ಬೆಳವಣಿಗೆಯಲ್ಲಿ ಬಳಸುವವರೂ ಪಾಲುಗಾರರಾದರು.

ಆದರೆ ಬಳಸುವವರೆಲ್ಲರ ನುಡಿಯೂ ಒಂದೇ ಅಲ್ಲವಷ್ಟೆ. ಇಂಗ್ಲಿಷಿನ ಆಜ್ಞೆಯಲ್ಲಿ ಕ್ರಿಯಾಪದವು ಮೊದಲು ಬರುವುದರಿಂದ ಮುಂದೆ ಯಾವ ಪದಗಳನ್ನು ನಿರೀಕ್ಷಿಸಬೇಕೆಂದು ಯಂತ್ರಕ್ಕೆ ಕೂಡಲೇ ತಿಳಿಯುವುದು. ಜಪಾನಿಯಲ್ಲಾದರೋ ಕ್ರಿಯಾಪದವು ಕಡೆಯಲ್ಲಿರುವುದು. ಪದಗಳ ನಡುವೆ ತೆರಪೂ ಇಲ್ಲ. ಭಾಷಾಶಾಸ್ತ್ರಜ್ಞರಾದ ಮೈಕೆಲ್ ಯೋಶಿತಕ ಅರ್ಲ್‌ವೈನ್ ಮೊದಲಾದವರು 2009ರಲ್ಲಿ ಸಿದ್ಧಪಡಿಸಿದ ಎರಡನೆಯ ವಾಕ್ಯವಿಶ್ಲೇಷಕವು ಪದಕ್ರಮವನ್ನು ಬಿಟ್ಟು, ಕರ್ಮ, ಗಮ್ಯ, ಮೂಲ, ಸ್ಥಳ, ಸಾಧನ ಮುಂತಾದ ಅರ್ಥಸಂಬಂಧಗಳನ್ನು ಆಧಾರವಾಗಿಟ್ಟುಕೊಂಡಿತು. ಒಂದೊಂದು ಭಾಷೆಯೂ ಆ ಸಂಬಂಧಗಳನ್ನು ಯಾವ ಗುರುತುಗಳಿಂದ ಸೂಚಿಸುವುದೆಂದು ಬೇರೆಯಾಗಿ ತಿಳಿಸಿದರೆ ಆಜ್ಞೆಯ ತಿರುಳು ಒಂದೇ ಆಗಿ ಉಳಿಯುವುದು. ನಮ್ಮ ವೈಯಾಕರಣರ ಕಾರಕವಿಚಾರಕ್ಕೂ ಈ ಕಲ್ಪನೆಗೂ ಇರುವ ಸಾಮ್ಯವು ಗಮನಾರ್ಹವಾಗಿದೆ.

ಈ ಕ್ರಮವನ್ನು ಕನ್ನಡಕ್ಕೆ ಅನ್ವಯಿಸಿ ನೋಡಿದರೆ ತೊಡಕಿನ ಸ್ವರೂಪವು ಇನ್ನೂ ಸ್ಪಷ್ಟವಾಗುವುದು. ಮೊದಲನೆಯದಾಗಿ, ಗುರುತುಗಳು ಪ್ರತ್ಯೇಕ ಪದಗಳಾಗಿರದೆ ಪ್ರಕೃತಿಯೊಡನೆ ಬೆರೆತಿರುವುವು. ‘ಮರ’ ಎಂಬ ಒಂದೇ ಪ್ರಕೃತಿಯು ‘ಮರವನ್ನು’, ‘ಮರದಿಂದ’, ‘ಮರಕ್ಕೆ’ ಎಂದು ಬೇರೆ ಬೇರೆಯಾಗಿ ತೋರುವುದರಿಂದ, ಆಗಮಾದಿಗಳನ್ನರಿಯದ ಯಂತ್ರಕ್ಕೆ ಪ್ರಕೃತಿಪ್ರತ್ಯಯಗಳನ್ನು ಬಿಡಿಸಲಾಗದು. ಎರಡನೆಯದಾಗಿ, ‘ಇಂದ’ ಎಂಬ ಪ್ರತ್ಯಯವು ‘ಕತ್ತಿಯಿಂದ ಕಡಿ’ ಎಂಬಲ್ಲಿ ಸಾಧನವನ್ನೂ ‘ಮರದಿಂದ ಇಳಿ’ ಎಂಬಲ್ಲಿ ಅಪಾದಾನವನ್ನೂ ಸೂಚಿಸುವುದು. ಇವೆರಡರಲ್ಲಿ ಯಾವುದೆಂಬುದನ್ನು ನಿರ್ಣಯಿಸುವುದು ಕ್ರಿಯಾಪದ. ಅದೋ ಕಡೆಯಲ್ಲಿ ಬರುವುದು. ಅಲ್ಲಿಯವರೆಗೆ ಯಂತ್ರವು ಎರಡರ್ಥಗಳನ್ನೂ ಹಿಡಿದುಕೊಂಡು ಕಾಯಬೇಕಾಗುತ್ತದೆ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ನಿರೂಪಿಸಿದ ಸಂಧಿ, ವಿಭಕ್ತಿ ಮುಂತಾದ ವಿಷಯಗಳು ಇಂತಹ ಉಪಕರಣಕ್ಕೆ ಅಲಂಕಾರಗಳಲ್ಲ, ಅಗತ್ಯವಾದ ತಳಹದಿಯೇ ಸರಿ.

2010ರ ಹೊತ್ತಿಗೆ ಯುಬಿಕ್ವಿಟಿಯ ಕೆಲಸವು ನಿಂತುಹೋಯಿತು; ಅದು ಫೈರ್‌ಫಾಕ್ಸಿನ ನಿತ್ಯಾಂಗವಾಗಲಿಲ್ಲ. ಆದರೂ ಅದರಿಂದ ದೊರೆತ ತಿಳಿವಳಿಕೆಯು ವ್ಯರ್ಥವಲ್ಲ. ಬಳಸುವವನನ್ನು ಕೇಂದ್ರವಾಗಿಟ್ಟುಕೊಳ್ಳುವೆವೆನ್ನುವವರು ಮೊದಲು ಅವನ ಭಾಷೆ ಯಾವುದೆಂದು ವಿಚಾರಿಸಬೇಕು. ಒಂದು ಭಾಷೆಯ ಪದಕ್ರಮವನ್ನೇ ಸಹಜವೆಂದು ಭಾವಿಸಿ ಕಟ್ಟಿದ ಉಪಕರಣವು ಉಳಿದವರಿಗೆ ಮತ್ತೊಂದು ಪರಭಾಷೆಯೇ ಆಗುವುದು. ಆ ವಿಚಾರಣೆಯಲ್ಲಿ ಯಂತ್ರಶಿಲ್ಪಿಗೆ ದಾರಿ ತೋರಬಲ್ಲವರು ವ್ಯಾಕರಣವನ್ನು ಬಲ್ಲವರು. ಆದುದರಿಂದ ಈ ಕಾರ್ಯದಲ್ಲಿ ಭಾಷಾಧ್ಯಾಪಕರಿಗೂ ಹೊಣೆಯುಂಟು.