ಎಂಜಿನ್ ನಿಂತರೆ ವಿಮಾನ ಕಲ್ಲಿನಂತೆ ಬೀಳುತ್ತದೆಯೇ?

2023ರ ಆಗಸ್ಟ್ 20ರಂದು ಹಿರಿಯೂರು ತಾಲ್ಲೂಕಿನ ವದ್ದೀಕೆರೆ ಬಳಿಯ ಹೊಲದಲ್ಲಿ ಡಿಆರ್‌ಡಿಒದ ಪೈಲಟ್‌ರಹಿತ ವಿಮಾನ 'ತಪಸ್' ಪರೀಕ್ಷಾರ್ಥ ಹಾರಾಟದ ವೇಳೆ ಬಿತ್ತು. ಪ್ರಾಣಹಾನಿಯಾಗಲಿಲ್ಲ. ಆದರೆ ಜನ ಸೇರಿದರು, ವಿಡಿಯೊಗಳು ಹರಿದಾಡಿದವು. ಇಂಥ ವಿಡಿಯೊಗಳ ಜೊತೆ ಬರುವ ಮಾತೊಂದಿದೆ: 'ಎಂಜಿನ್ ಆಫ್ ಆದರೆ ಕಥೆ ಮುಗೀತು.' ಇದು ನಿಜವೇ?

ರೆಕ್ಕೆ ಇದ್ದರೆ ಕಥೆ ಬೇರೆ

ವಿಮಾನವನ್ನು ಎತ್ತಿ ಹಿಡಿಯುವುದು ರೆಕ್ಕೆಯ ಮೇಲೆ ಹರಿಯುವ ಗಾಳಿ. ಎಂಜಿನ್ ನಿಂತರೂ ಮೂತಿಯನ್ನು ತುಸು ಕೆಳಗೆ ಮಾಡಿದರೆ ವೇಗ ಉಳಿಯುತ್ತದೆ, ವಿಮಾನ ತೇಲುತ್ತಾ ಇಳಿಯುತ್ತದೆ. ಸಾಕ್ಷಿ ನಮ್ಮ ಜಿಲ್ಲೆಯಲ್ಲೇ ಇದೆ. 2023ರ ಏಪ್ರಿಲ್ 2ರಂದು ಚಳ್ಳಕೆರೆಯ ಪರೀಕ್ಷಾ ವಲಯದಲ್ಲಿ ಇಸ್ರೊ ತನ್ನ ಮರುಬಳಕೆಯ ಉಡಾವಣಾ ವಾಹನವನ್ನು ಹೆಲಿಕಾಪ್ಟರ್‌ನಿಂದ ಸುಮಾರು 4.5 ಕಿ.ಮೀ. ಎತ್ತರದಲ್ಲಿ ಬಿಟ್ಟಿತು. ಎಂಜಿನ್ ಬಲವಿಲ್ಲದೆಯೇ ಅದು ರನ್‌ವೇ ಮೇಲೆ ಇಳಿಯಿತು.

ನಾಲ್ಕು ರೆಕ್ಕೆಗಾಳಿಯ ಡ್ರೋನ್‌ಗೆ ಇದು ಅನ್ವಯಿಸುವುದಿಲ್ಲ. ಅದಕ್ಕೆ ವಿಮಾನದಂಥ ರೆಕ್ಕೆ ಇಲ್ಲ. ಮೋಟರ್ ನಿಂತರೆ ಅದು ಬೀಳುತ್ತದೆ.

ಸ್ಪರ್ಧೆಯಲ್ಲಿ ಎಂಜಿನ್‌ಗೇ ಕಡಿವಾಣ

ಮಾದರಿ ವಿಮಾನಗಳ ಸ್ಪರ್ಧೆಯಲ್ಲಿ 'ಎಫ್5ಜೆ' ಎಂಬ ಅಂತರರಾಷ್ಟ್ರೀಯ ವಿಭಾಗವಿದೆ. ಇಲ್ಲಿ ಮೋಟರ್ ಓಡಿಸಲು ಗರಿಷ್ಠ 30 ಸೆಕೆಂಡ್. ನಂತರ ಗಾಳಿಯನ್ನೇ ನಂಬಿ 10 ನಿಮಿಷ ತೇಲಬೇಕು.

ಸಮಯವನ್ನಷ್ಟೇ ಮಿತಿಗೊಳಿಸಿದರೆ ಬಲವಾದ, ದುಬಾರಿ ಮೋಟರ್ ಇದ್ದವರೇ ಗೆಲ್ಲುತ್ತಾರೆ. ಅದಕ್ಕೇ ಎತ್ತರಕ್ಕೂ ಅಂಕ ಕಡಿತವಿದೆ: 200 ಮೀಟರ್‌ವರೆಗೆ ಪ್ರತಿ ಮೀಟರ್‌ಗೆ ಅರ್ಧ ಅಂಕ, ಅದರ ಮೇಲೆ 3 ಅಂಕ. 150 ಮೀಟರ್ ಏರಿದವರಿಗೆ 75 ಅಂಕ ನಷ್ಟ, 220 ಮೀಟರ್ ಏರಿದವರಿಗೆ 160.

ಭರ್ರನೆ ವೇಗ ಪಡೆದು, ಮೋಟರ್ ಆರಿಸಿದ ಮೇಲೆ ಜಿಗಿದರೆ? ಆ ದಾರಿಯೂ ಮುಚ್ಚಿದೆ. ಮೋಟರ್ ನಿಂತ ನಂತರದ 10 ಸೆಕೆಂಡ್‌ಗಳ ಎತ್ತರವನ್ನೂ ವಿಮಾನದೊಳಗಿನ ಉಪಕರಣ ದಾಖಲಿಸುತ್ತದೆ.

ಚರ್ಚೆ ಬಿಸಿಯಾಗುವುದು ಮೋಟರನ್ನು ಮತ್ತೆ ಚಾಲೂ ಮಾಡುವ ವಿಷಯದಲ್ಲಿ. ಬಿಟ್ಟರೆ ಮೋಸಕ್ಕೆ ದಾರಿ. ಪೂರ್ತಿ ತಡೆದರೆ, ವಿಮಾನ ಜನರತ್ತ ಇಳಿಯುವಾಗ ಪೈಲಟ್‌ನ ಕೈ ಕಟ್ಟಿದಂತೆ. ನಿಯಮ ಕಂಡುಕೊಂಡ ಉತ್ತರ: ತುರ್ತಿನಲ್ಲಿ ಚಾಲೂ ಮಾಡಬಹುದು, ಆದರೆ ಆ ಹಾರಾಟಕ್ಕೆ ಸೊನ್ನೆ ಅಂಕ. ಅಂಕ ಹೋದರೂ ಯಾರ ತಲೆಗೂ ಪೆಟ್ಟು ಬೀಳಬಾರದು.

ಮನೆಯಲ್ಲಿ ಹಾರಿಸುವವರಿಗೆ

ರಿಮೋಟ್ ಸಿಗ್ನಲ್ ಕಡಿದಾಗ ವಿಮಾನ ಏನು ಮಾಡಬೇಕೆಂದು ಮೊದಲೇ ಹೇಳಿಡುವ ವ್ಯವಸ್ಥೆಗೆ 'ಫೇಲ್‌ಸೇಫ್' ಎನ್ನುತ್ತಾರೆ. ರೆಕ್ಕೆಯ ಮಾದರಿಯಲ್ಲಿ ಮೋಟರ್ ನಿಲ್ಲುವಂತೆ ಇಡಿ. ಪರೀಕ್ಷಿಸುವುದು ಸುಲಭ: ಪ್ರೊಪೆಲ್ಲರ್ ಬಿಚ್ಚಿಟ್ಟು ಮೋಟರ್ ಓಡಿಸಿ, ರಿಮೋಟ್ ಆಫ್ ಮಾಡಿ. ಮೋಟರ್ ನಿಲ್ಲದಿದ್ದರೆ ಹಾರಿಸಬೇಡಿ. ಡ್ರೋನ್‌ನಲ್ಲಿ ಮಾತ್ರ ಹೊರಟ ಜಾಗಕ್ಕೆ ಮರಳುವ ಆಯ್ಕೆ ಇರಲಿ.

ಹೊಲದಲ್ಲಿ ಇಂಥದ್ದೇನಾದರೂ ಬಿದ್ದರೆ ಹತ್ತಿರ ಹೋಗಬೇಡಿ, ಮುಟ್ಟಬೇಡಿ. ಇಂಧನ ಅಥವಾ ಲಿಥಿಯಂ ಬ್ಯಾಟರಿಗೆ ತಡವಾಗಿಯೂ ಬೆಂಕಿ ಹೊತ್ತಬಹುದು. ಮಕ್ಕಳನ್ನು ದೂರವಿಟ್ಟು 112ಕ್ಕೆ ಕರೆ ಮಾಡಿ. ವಿಡಿಯೊ ಆಮೇಲೂ ಮಾಡಬಹುದು.

ತೀರ್ಮಾನ: 'ಎಂಜಿನ್ ನಿಂತರೆ ಕಲ್ಲಿನಂತೆ ಬೀಳುತ್ತದೆ' ಎಂಬುದು ರೆಕ್ಕೆಯ ವಿಮಾನದ ಮಟ್ಟಿಗೆ ತಪ್ಪು, ಡ್ರೋನ್ ಮಟ್ಟಿಗೆ ಬಹುತೇಕ ಸರಿ. ಫಾರ್ವರ್ಡ್ ಮಾಡುವ ಮುನ್ನ ವಿಡಿಯೊದಲ್ಲಿ ರೆಕ್ಕೆ ಇದೆಯೇ ನೋಡಿ.